1820ರ ಹಾಲೆಂಡ್ 3 ಗಿಲ್ಡರ್ ಬೆಳ್ಳಿ ನಾಣ್ಯ ಸಿಕ್ಕಿದೆ, ಬೆಲೆ ಎಷ್ಟಿರಬಹುದು?

ವೆಲ್ಡ್‌ಹೋವನ್ ವಾಸಿ
ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವನು, ಈಗ ನೆದರ್ಲೆಂಡ್ಸಿನ ವೆಲ್ಡ್‌ಹೋವನ್‌ನಲ್ಲಿದ್ದೇನೆ. ನಾಣ್ಯದ ವಿಷಯದಲ್ಲಿ ನಾನು ಶುದ್ಧ ದಡ್ಡ. ಏಪ್ರಿಲ್ 27ಕ್ಕೆ ಇಲ್ಲಿ ರಾಜನ ಹುಟ್ಟುಹಬ್ಬ. ಅವತ್ತು ಯಾರು ಬೇಕಾದರೂ ಬೀದಿ ಬದಿ ಚಾಪೆ ಹಾಸಿ ಮನೆಯ ಹಳೇ ಸಾಮಾನು ಮಾರಬಹುದು. ನಾವು ಗೆಳೆಯನ ಮನೆಗೆಂದು ಉತ್ತರದ ಹೋರ್ನ್ ಊರಿಗೆ ಹೋಗಿದ್ದೆವು. ಅಲ್ಲಿ ಹತ್ತು ವರ್ಷದ ಹುಡುಗನೊಬ್ಬ ಆಟಿಕೆ ಕಾರುಗಳ ಪಕ್ಕ ಒಂದು ಬಿಸ್ಕತ್ತಿನ ಡಬ್ಬಿ ಇಟ್ಟುಕೊಂಡಿದ್ದ. ತುಂಬಾ ಗುಂಡಿಗಳು, ಸವೆದ ಕೀಲಿಕೈಗಳು. ಅದರ ತಳದಲ್ಲಿ ಇದು ಸಿಕ್ಕಿತು. 15 ಯೂರೋ ಅಂದ, ಕೊಟ್ಟೆ.

ಒಂದು ಕಡೆ ಬಲಕ್ಕೆ ನೋಡುವ ರಾಜನ ಮುಖ. ಇನ್ನೊಂದು ಕಡೆ ಕಿರೀಟ, ಸಿಂಹದ ಗುರಾಣಿ. ಗುರಾಣಿಯ ಒಂದು ಪಕ್ಕ 3, ಇನ್ನೊಂದು ಪಕ್ಕ 'ಜಿ'. ಇಸವಿ 1820. ನಮ್ಮ ತಟ್ಟೆ ಇಡ್ಲಿಗೆ ಚಿಕ್ಕ ತಮ್ಮ ಅನ್ನಬೇಕು, ಅಷ್ಟು ದೊಡ್ಡದಾಗಿ ಕಾಣುತ್ತದೆ. ಇದಕ್ಕೆ ಬೆಲೆ ಇದೆಯಾ?

ತುಮಕೂರು ನಾಣ್ಯಪ್ರೇಮಿ
ಅಣ್ಣ, ಲಾಟರಿ ಹೊಡೆದಿದ್ದೀರಿ! 200 ವರ್ಷ ಹಳೆಯದು ಅಂದರೆ ಕಮ್ಮಿ ಅಂದರೂ 50 ಲಕ್ಷ. ಮೊನ್ನೆ ಯೂಟ್ಯೂಬಲ್ಲಿ ನೋಡಿದೆ, ಬರೀ 5 ರೂಪಾಯಿ ನಾಣ್ಯಕ್ಕೇ 10 ಲಕ್ಷ ಕೊಡುತ್ತಾರಂತೆ. ನಂಬರ್ ಬೇಕಾ?

ಹಳೇದುಡ್ಡು
ತುಮಕೂರಿನವರೇ, ಆ ನಂಬರಿಗೆ ದಯವಿಟ್ಟು ಫೋನ್ ಮಾಡಬೇಡಿ. ಅವರು ನಿಮ್ಮ ನಾಣ್ಯ ಕೊಳ್ಳುವುದಿಲ್ಲ. ಮೊದಲು ರಿಜಿಸ್ಟ್ರೇಷನ್ ಫೀಸು ಅನ್ನುತ್ತಾರೆ, ಆಮೇಲೆ ಟ್ಯಾಕ್ಸು ಅನ್ನುತ್ತಾರೆ. ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಹೀಗೆ ಮೋಸ ಮಾಡುತ್ತಿದ್ದಾರೆ ಎಂದು 2021ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕೇ ಎಚ್ಚರಿಕೆ ಕೊಟ್ಟಿತ್ತು.

ಇನ್ನು ವೆಲ್ಡ್‌ಹೋವನ್‌ನವರಿಗೆ. ಹಳೆಯದು ಅನ್ನುವುದೇ ಬೆಲೆ ಅಲ್ಲ. ಎಷ್ಟು ಉಳಿದಿವೆ, ಎಷ್ಟು ಜನಕ್ಕೆ ಬೇಕು, ಯಾವ ಸ್ಥಿತಿಯಲ್ಲಿದೆ, ಇಷ್ಟೇ. ನಿಮ್ಮದು ಒಂದನೇ ವಿಲ್ಲೆಮ್ ರಾಜನ ಕಾಲದ್ದು. ಅಸಲಿಯಾಗಿದ್ದರೆ ಸಂಗ್ರಾಹಕರು ಹುಡುಕುವ ನಾಣ್ಯ, ಸಂಶಯ ಬೇಡ. ಆದರೆ 'ಅಸಲಿಯಾಗಿದ್ದರೆ' ಎಂಬ ಮಾತನ್ನು ಎರಡು ಸಲ ಓದಿ. ಈ ದೊಡ್ಡ ಬೆಳ್ಳಿ ನಾಣ್ಯಗಳಿಗೆ ನಕಲಿ ಜಾಸ್ತಿ.

ಮೂರು ಕೆಲಸ ಮಾಡಿ. ತೂಕ ನೋಡಿ, ಸರಿಯಾಗಿ 32.3 ಗ್ರಾಂ ಹತ್ತಿರ ಇರಬೇಕು, ಸವೆದಿದ್ದರೆ ಸ್ವಲ್ಪ ಕಮ್ಮಿ. ಅಡ್ಡಳತೆ ಸುಮಾರು 40 ಮಿಲಿಮೀಟರ್. ಆಮೇಲೆ ಅಂಚು ನೋಡಿ. ಗೀರುಗಳಿರಬಾರದು, ಅಕ್ಷರ ಇರಬೇಕು. 'ದೇವರು ನಮ್ಮ ಜೊತೆ ಇರಲಿ' ಎಂದು ಡಚ್ಚಿನಲ್ಲಿ ಒಳಕ್ಕೆ ಒತ್ತಿರುತ್ತಾರೆ.

ಎಲ್ಲಕ್ಕಿಂತ ಮುಖ್ಯ, ತೊಳೆಯಬೇಡಿ.

ವೆಲ್ಡ್‌ಹೋವನ್ ವಾಸಿ
ಸಾರ್, ತೊಳೆಯಬೇಡಿ ಅಂದಿದ್ದು ಸ್ವಲ್ಪ ತಡವಾಯಿತು.

ನಮ್ಮ ಮನೆಯವರು ದೇವರ ಪಾತ್ರೆಗಳ ಜೊತೆ ಅದನ್ನೂ ಹಾಕಿ ಹುಣಸೆಹಣ್ಣು, ವಿಭೂತಿ ಹಚ್ಚಿ ಉಜ್ಜಿದ್ದಾರೆ. 'ಎಷ್ಟು ಕಪ್ಪಾಗಿತ್ತು ನೋಡಿ, ಈಗ ಫಳಫಳ' ಅಂದರು. ರಾಜನ ಮುಖದ ಕಡೆ ಪೂರ್ತಿ. ಹಿಂಭಾಗ ಉಜ್ಜುವ ಹೊತ್ತಿಗೆ ನಾನು ನಿಮ್ಮ ಮಾತು ಓದಿ ಅಡುಗೆಮನೆಗೆ ಓಡಿದೆ.

ಹಳೇದುಡ್ಡು
ಅಯ್ಯೋ.

ಇರಲಿ. ಮನೆಯವರನ್ನು ಬಯ್ಯಬೇಡಿ. ನನ್ನ ಮೊದಲ ವಿಕ್ಟೋರಿಯಾ ರೂಪಾಯಿಗೆ ನಾನೇ ಟೂತ್‌ಪೇಸ್ಟ್ ಹಚ್ಚಿದ್ದೆ. ಆ ಕಪ್ಪು ಕೊಳೆ ಅಲ್ಲ. ಗಾಳಿಯಲ್ಲಿರುವ ಗಂಧಕ ಬೆಳ್ಳಿಗೆ ತಾಗಿ ಎಷ್ಟೋ ವರ್ಷ ಕೂತು ಬಂದ ಪದರ. ಉಜ್ಜಿದರೆ ಅದು ಹೋಗುತ್ತದೆ, ಅದರ ಕೆಳಗಿನ ಬೆಳ್ಳಿಯ ಮೇಲೂ ಕೂದಲಿನಂಥ ಗೀರು ಬೀಳುತ್ತವೆ. ಭೂತಗನ್ನಡಿಯಲ್ಲಿ ನೋಡಿದರೆ ಎಲ್ಲ ಗೀರೂ ಒಂದೇ ದಿಕ್ಕಿಗೆ ಕಾಣುತ್ತವೆ. ಖರೀದಿ ಮಾಡುವವನು ಮೊದಲು ಹುಡುಕುವುದೇ ಅದನ್ನು.

ತೂಕ ಹೇಳಿ.

ಬಸರೂರು ಭಟ್ರು
ನಮ್ಮಲ್ಲೂ ಒಂದು ಡಚ್ಚರ ನಾಣ್ಯ ಉಂಟು ಮಾರಾಯ್ರೇ. ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿದ್ದು. 'ವಿ' ಅಕ್ಷರದ ಎರಡು ಕಾಲಿನ ಮೇಲೆ 'ಒ', 'ಸಿ' ಕೂತ ಹಾಗೆ ಇದೆ. ಅದೂ ಇದೇ ಜಾತಿಯದ್ದಾ? ಬೆಳ್ಳಿಯಾ?

ಹಳೇದುಡ್ಡು
ಭಟ್ರೇ, ಅದು ಡಚ್ ಈಸ್ಟ್ ಇಂಡಿಯಾ ಕಂಪನಿಯ ಗುರುತು. ನಿಮ್ಮದು ಚಿಕ್ಕದು, ಕಂದು ಬಣ್ಣ ಅಂತಾದರೆ 'ಡೈಟ್' ಎಂಬ ತಾಮ್ರದ ಚಿಲ್ಲರೆ ನಾಣ್ಯ. ನಮ್ಮ ಕರಾವಳಿಯಲ್ಲಿ, ಕೇರಳದಲ್ಲಿ ಧಾರಾಳ ಸಿಗುತ್ತವೆ, ಹಾಗಾಗಿ ಬೆಲೆ ಜಾಸ್ತಿ ಇಲ್ಲ. ಆದರೆ ನಿಮ್ಮ ಊರಿಗೆ ಅದು ಬಂದಿದ್ದರಲ್ಲಿ ಆಶ್ಚರ್ಯ ಇಲ್ಲ. 17ನೇ ಶತಮಾನದಲ್ಲಿ ಬಸರೂರಿನಲ್ಲೇ ಡಚ್ಚರ ಕೋಠಿ ಇತ್ತು, ಅಕ್ಕಿ ಮತ್ತು ಮೆಣಸು ಕೊಳ್ಳಲು ಬರುತ್ತಿದ್ದರು.

ಇವರ ನಾಣ್ಯಕ್ಕೂ ಅದಕ್ಕೂ ಸಂಬಂಧ ಇಲ್ಲ. ಆ ಕಂಪನಿ 1799ರ ಕೊನೆಗೆ ಮುಗಿಯಿತು. 1824ರ ಒಪ್ಪಂದದಲ್ಲಿ ಭಾರತದಲ್ಲಿ ಉಳಿದಿದ್ದ ನೆಲೆಗಳನ್ನೂ ಡಚ್ಚರು ಇಂಗ್ಲಿಷರಿಗೆ ಬಿಟ್ಟುಕೊಟ್ಟರು. 1820ರ ಈ ನಾಣ್ಯ ಕಂಪನಿಯದ್ದಲ್ಲ, ಹೊಸದಾಗಿ ಹುಟ್ಟಿದ ರಾಜ್ಯದ್ದು.

ಬಸರೂರು ಭಟ್ರು
ಬೆಲೆ ಇಲ್ಲದಿದ್ದರೂ ಅಡ್ಡಿಲ್ಲ. ಮೆಣಸು ಮಾರಿ ಬಂದ ದುಡ್ಡು ಅಂತ ಮೊಮ್ಮಗಳಿಗೆ ಹೇಳಬಹುದಲ್ಲ, ಸಾಕು.

ವೆಲ್ಡ್‌ಹೋವನ್ ವಾಸಿ
ತೂಕ ಮಾಡಿದೆ. ಅಡುಗೆಮನೆಯ ತಕ್ಕಡಿ 31 ಅಂದಿತು, ಕೆಲವೊಮ್ಮೆ 32. ನಂಬಿಕೆ ಬರದೆ ಒಂದು ಚಿಕ್ಕ ಡಿಜಿಟಲ್ ತಕ್ಕಡಿ ತರಿಸಿದೆ. 31.60 ಗ್ರಾಂ. ಅಡ್ಡಳತೆ 40. ಅಂಚಿನಲ್ಲಿ ಅಕ್ಷರ ಇದೆ, ಅರ್ಧ ಸವೆದಿದೆ. ಆಯಸ್ಕಾಂತಕ್ಕೆ ಅಂಟುವುದಿಲ್ಲ. ಇಸವಿಯ ಜೊತೆ ಒಂದು ಪಂಜಿನಂಥ ಚಿತ್ರ, ಇನ್ನೊಂದು ಹಾವು ಸುತ್ತಿದ ಕೋಲು.

ಹಳೇದುಡ್ಡು
ಒಳ್ಳೆಯ ಸುದ್ದಿ. ಹಾವು ಸುತ್ತಿದ ಕೋಲು ಉತ್ರೆಕ್ಟ್ ಟಂಕಸಾಲೆಯ ಗುರುತು. ಪಂಜು ಅಲ್ಲಿನ ಟಂಕಸಾಲೆ ಯಜಮಾನ ಸ್ಯೂರ್ಮೊಂಟ್‌ನ ಗುರುತು, 1815ರಿಂದ 1838ರವರೆಗೆ ಅವನದ್ದೇ ಕಾಲ. ಇಸವಿಗೆ ಸರಿಯಾಗಿ ಹೊಂದುತ್ತದೆ. ನಕಲಿ ಮಾಡುವವರು ಎಡವುವುದು ಇಂಥ ಕಡೆಯೇ, ಇಸವಿ ಒಂದು ಹಾಕಿ ಬೇರೆ ಕಾಲದ ಗುರುತು ಹಾಕಿಬಿಡುತ್ತಾರೆ. ಆಗ ಬೆಲ್ಜಿಯಂ ಕೂಡ ಇದೇ ರಾಜ್ಯದಲ್ಲಿತ್ತು. ಬ್ರಸೆಲ್ಸಿನಲ್ಲೂ ನಾಣ್ಯ ಹೊಡೆಯುತ್ತಿದ್ದರು, ಅದರಲ್ಲಿ 'ಬಿ' ಅಕ್ಷರ ಇರುತ್ತದೆ. 1830ರಲ್ಲಿ ಬೆಲ್ಜಿಯಂನವರು ದಂಗೆಯೆದ್ದು ಬೇರೆಯಾದ ಮೇಲೆ ಅದು ನಿಂತಿತು.

ಇನ್ನೊಂದು ಪರೀಕ್ಷೆ. ಆ ಹೊಸ ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ನಾಣ್ಯಕ್ಕೆ ತೆಳು ದಾರ ಕಟ್ಟಿ ನೀರಲ್ಲಿ ಪೂರ್ತಿ ಮುಳುಗಿಸಿ. ತಳಕ್ಕೂ ಪಕ್ಕಕ್ಕೂ ತಾಗದ ಹಾಗೆ ಕೈಯಲ್ಲಿ ಹಿಡಿದುಕೊಳ್ಳಿ. ತಕ್ಕಡಿ ಎಷ್ಟು ತೋರಿಸುತ್ತದೆ? ಅದು ನಾಣ್ಯ ಪಕ್ಕಕ್ಕೆ ತಳ್ಳಿದ ನೀರಿನ ತೂಕ. ಬೆಳ್ಳಿ 1000ಕ್ಕೆ 893 ಭಾಗ, ಉಳಿದಿದ್ದು ತಾಮ್ರ. ಲೆಕ್ಕದ ಪ್ರಕಾರ 3.07 ಗ್ರಾಂ ಹತ್ತಿರ ಬರಬೇಕು. 3.5 ದಾಟಿದರೆ ತಾಮ್ರ ನಿಕಲ್ ಬೆರಕೆ, ಮರೆತುಬಿಡಿ.

ವೆಲ್ಡ್‌ಹೋವನ್ ವಾಸಿ
3.08! ಮೂರು ಸಲ ಮಾಡಿದೆ, ಒಮ್ಮೆ 3.09. ಮಗಳು ಇದನ್ನು ಶಾಲೆಯಲ್ಲಿ ತೋರಿಸುತ್ತಾಳಂತೆ.

ಅಂದರೆ ಅಸಲಿ ಅಲ್ವಾ?

ಹಳೇದುಡ್ಡು
ಬೆಳ್ಳಿ ಅಂತೂ ಹೌದು. ಬೆಳ್ಳಿಯಲ್ಲೇ ನಕಲಿ ಮಾಡಿದವರೂ ಇದ್ದಾರೆ. ಆದರೆ ಈ ಸವೆತ, ಅಂಚಿನ ಅಕ್ಷರ, ಎರಡು ಗುರುತು ಎಲ್ಲ ಸೇರಿಸಿದರೆ ನನಗೆ ನಂಬಿಕೆ ಬರುತ್ತಿದೆ. ಹಿಂಭಾಗದ ಫೋಟೋ ಹಾಕಿ.

ಕಲ್ಯಾಣಿ ಆರ್
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಹತ್ತಿರ 1874ರ 2½ ಗಿಲ್ಡರ್ ಇದೆ, ಮೂರನೇ ವಿಲ್ಲೆಮ್. ಅದಕ್ಕಿಂತ ಇದು ಯಾಕೆ ಅಪರೂಪ? ನೋಡಲು ಒಂದೇ ಥರ ಇದೆಯಲ್ಲ.

ಹಳೇದುಡ್ಡು
ಒಳ್ಳೆಯ ಪ್ರಶ್ನೆ ಮೇಡಂ. ನನಗೆ ಈ ನಾಣ್ಯದಲ್ಲಿ ಇಷ್ಟವಾದ ಕಥೆಯೇ ಅದು. ಸ್ವಲ್ಪ ಉದ್ದ ಆಗುತ್ತದೆ.

1816ರಲ್ಲಿ ಹೊಸ ರಾಜ್ಯ ಹೊಸ ಕಾನೂನು ಮಾಡಿತು. ಒಂದು ಗಿಲ್ಡರಿಗೆ ನೂರು ಸೆಂಟ್, ಅದರಲ್ಲಿ 9.61 ಗ್ರಾಂ ಶುದ್ಧ ಬೆಳ್ಳಿ. ಅದರ ಮೂರು ಪಾಲು ಈ ದೊಡ್ಡ ನಾಣ್ಯ, ಅಂದರೆ 28.8 ಗ್ರಾಂ ಬೆಳ್ಳಿ. ನಾಣ್ಯವೇನೋ ಚೆನ್ನಾಗಿತ್ತು. ಆದರೆ ಸುತ್ತಲಿನ ದುಡ್ಡು ಚೆನ್ನಾಗಿರಲಿಲ್ಲ. ಉತ್ತರದಲ್ಲಿ ಹಳೇ ಪ್ರಾಂತ್ಯಗಳ ಸವೆದ, ಅಂಚು ಕತ್ತರಿಸಿದ ನಾಣ್ಯಗಳು ಇನ್ನೂ ಓಡಾಡುತ್ತಿದ್ದವು. ದಕ್ಷಿಣದಲ್ಲಿ ಫ್ರಾನ್ಸಿನ ಫ್ರಾಂಕ್. ಸರ್ಕಾರ ಫ್ರಾಂಕಿಗೆ 47¼ ಸೆಂಟ್ ಎಂದು ದರ ಕಟ್ಟಿತು. ಫ್ರಾಂಕಿನಲ್ಲಿ ಇದ್ದದ್ದು ಸರಿಯಾಗಿ ನಾಲ್ಕೂವರೆ ಗ್ರಾಂ ಬೆಳ್ಳಿ. ಗಿಲ್ಡರ್ ಲೆಕ್ಕದಲ್ಲಿ 47¼ ಸೆಂಟಿಗೆ ಅದಕ್ಕಿಂತ ಚೂರು ಜಾಸ್ತಿ ಬೆಳ್ಳಿ ಬರುತ್ತದೆ. ಚೂರು ಅಂದರೆ ನೂರಕ್ಕೆ ಒಂದು ಪಾಲು. ವ್ಯಾಪಾರಿಗೆ ಅಷ್ಟು ಸಾಕು. ಫ್ರಾಂಕ್ ತಂದು ಖರ್ಚು ಮಾಡು, ಗಿಲ್ಡರ್ ತೆಗೆದುಕೊಂಡು ಹೋಗಿ ಕರಗಿಸು. ನಮ್ಮ ಸಂತೆಯಲ್ಲೂ ಹರಿದ ನೋಟನ್ನೇ ಮೊದಲು ಸಾಗಿಸುತ್ತೇವೆ ತಾನೇ? ಗಟ್ಟಿ ನೋಟು ಜೇಬಲ್ಲೇ.

ಎರಡನೇ ಪೆಟ್ಟು ಬಿದ್ದಿದ್ದು 1839ರಲ್ಲಿ. ಸರ್ಕಾರಕ್ಕೆ ಬುದ್ಧಿ ಬಂತು, ಗಿಲ್ಡರಿನ ಬೆಳ್ಳಿಯನ್ನು 9.45 ಗ್ರಾಮಿಗೆ ಇಳಿಸಿತು. 3 ಗಿಲ್ಡರ್ ಬಿಟ್ಟು 2½ ಗಿಲ್ಡರ್ ತಂದಿತು, 25 ಗ್ರಾಂ ತೂಕ, 1000ಕ್ಕೆ 945 ಭಾಗ ಬೆಳ್ಳಿ. ಈಗ ಲೆಕ್ಕ ಹಾಕಿ. ಹೊಸ ಕಾನೂನಿನಲ್ಲಿ ಮೂರು ಗಿಲ್ಡರಿಗೆ 28.35 ಗ್ರಾಂ ಬೆಳ್ಳಿ ಸಾಕು. ಹಳೇ ನಾಣ್ಯದಲ್ಲಿ 28.8 ಇದೆ. ಸಾವಿರ ನಾಣ್ಯ ಕರಗಿಸಿದರೆ ಹತ್ತಿರ ಹತ್ತಿರ ಅರ್ಧ ಕಿಲೋ ಬೆಳ್ಳಿ ಪುಕ್ಕಟೆ. ಯಾರು ಬಿಡುತ್ತಾರೆ ಹೇಳಿ. ಬಂಡವಾಳ ಇದ್ದವನು ಕರಗಿಸಿದ. 1840ರ ದಶಕದಲ್ಲಿ ಸರ್ಕಾರವೂ ಹಳೇ ನಾಣ್ಯಗಳನ್ನೆಲ್ಲ ವಾಪಸು ಪಡೆದು ಹೊಸದಾಗಿ ಹೊಡೆಯಿತು.

ನಿಮ್ಮ 1874ರದ್ದು ಆ ಹೊಸ ಜಾತಿ. ಅದನ್ನು ಕರಗಿಸುವುದರಲ್ಲಿ ಲಾಭ ಇರಲಿಲ್ಲ. ಮರುವರ್ಷ, 1875ರಲ್ಲಿ, ದೇಶ ಚಿನ್ನದ ಕಡೆ ತಿರುಗಿತು, 10 ಗಿಲ್ಡರ್ ಚಿನ್ನದ ನಾಣ್ಯ ಬಂತು. 2½ ಗಿಲ್ಡರ್ ಮತ್ತೆ ಹೊಡೆದಿದ್ದು ರಾಣಿ ವಿಲ್ಹೆಲ್ಮಿನಾ ಕಾಲಕ್ಕೆ, 1898ರಲ್ಲಿ. ಮೂರನೇ ವಿಲ್ಲೆಮ್‌ನ 2½ ಗಿಲ್ಡರ್ ರಾಶಿ ರಾಶಿ ಉಳಿದಿವೆ. ಸಾಮಾನ್ಯ ವರ್ಷದ್ದಾದರೆ ಬೆಳ್ಳಿ ಬೆಲೆಗಿಂತ ಸ್ವಲ್ಪ ಮೇಲೆ, ಅಷ್ಟೇ. ಒಂದೂ ಗೀರಿಲ್ಲದೆ ಹೊಸದರ ಹಾಗೆ ಇದ್ದರೆ ಮಾತ್ರ ಬೇರೆ ಮಾತು. ನಿಮ್ಮದರಲ್ಲಿ ಕತ್ತಿಯ ಗುರುತಿನ ಪಕ್ಕ ಸಣ್ಣ ಎಲೆ ಇದೆಯಾ ನೋಡಿ, 1874ರಲ್ಲಿ ಎರಡು ಬಗೆ ಇವೆ.

ಕಲ್ಯಾಣಿ ಆರ್
ಎಲೆ ಇದೆ ಅನ್ನಿಸುತ್ತದೆ, ಅಥವಾ ಮಣ್ಣೋ. ತೊಳೆಯುವುದಿಲ್ಲ, ಹೆದರಬೇಡಿ.

ವೆಲ್ಡ್‌ಹೋವನ್ ವಾಸಿ
ಹಿಂಭಾಗದ ಫೋಟೋ ಹಾಕಿದ್ದೇನೆ. ಗುರಾಣಿಯ ಮಧ್ಯೆ ಒಂದು ಹಳದಿ ಮಚ್ಚೆ ಇದೆ, ಹೆಸರುಬೇಳೆಯಷ್ಟು. ಸಿಂಹದ ಹೊಟ್ಟೆ ಅಲ್ಲಿ ಕಾಣುವುದಿಲ್ಲ. ಅದು ಹುಣಸೆಹಣ್ಣಿನದ್ದಾ?

ಅಕ್ಕಸಾಲಿಗರ ಮಗ
ಹುಣಸೆಹಣ್ಣಿನದ್ದಲ್ಲ ಅಣ್ಣ. ಅದು ಬೆಸುಗೆ.

ನಮ್ಮಪ್ಪ 40 ವರ್ಷ ಈ ಕೆಲಸ ಮಾಡಿದ್ದಾರೆ, ಫೋಟೋ ತೋರಿಸಿದ ಕೂಡಲೇ ಹೇಳಿದರು. ಬೆಳ್ಳಿಗೆ ಬೆಸುಗೆ ಹಾಕಲು ಬೆಳ್ಳಿ, ಹಿತ್ತಾಳೆ ಸೇರಿಸಿ ಬೇಗ ಕರಗುವ ಬೆರಕೆ ಮಾಡುತ್ತಾರೆ. ಬಿಳಿಗಾರ ಹಚ್ಚಿ, ಊದುಗೊಳವೆಯಲ್ಲಿ ಬಿಸಿ ಮಾಡಿ ಹರಿಸುತ್ತಾರೆ. ಹಿತ್ತಾಳೆ ಇರುವುದರಿಂದ ಮಚ್ಚೆ ಹಳದಿ. ಆಮೇಲೆ ಯಾರೋ ಕೊಂಡಿ ಕಿತ್ತು ಅರದಲ್ಲಿ ಉಜ್ಜಿದ್ದಾರೆ, ಸಿಂಹದ ಹೊಟ್ಟೆ ಹೋಗಿದ್ದು ಹಾಗೆ. ನಮ್ಮ ಅಂಗಡಿಗೆ ಬರುವ ರಾಣಿ ಛಾಪಿನ ಬೆಳ್ಳಿ ರೂಪಾಯಿಗಳಲ್ಲಿ ಎಷ್ಟೋ ಹೀಗೇ ಇರುತ್ತವೆ. ಅಜ್ಜಿಯರ ಸರದಿಂದ ಬಿಡಿಸಿದ್ದು. ಆದರೆ ಸರಕ್ಕೆ ಕೊಂಡಿ ಹಾಕುವುದು ಮೇಲಿನ ಅಂಚಿಗೆ. ಇದು ನಟ್ಟನಡುವೆ ಯಾಕಿದೆ ಅಂತ ಅಪ್ಪನಿಗೂ ತಿಳಿಯಲಿಲ್ಲ.

ಹೋರ್ನ್ ಸುಮಾ
ನಾನು ಹೇಳುತ್ತೇನೆ! ಇದು ಚಡ್ಡಿ ಗುಂಡಿ.

ನಗಬೇಡಿ. ನಾನು ಹೋರ್ನ್‌ನಲ್ಲೇ ಇರುವುದು. ಇಲ್ಲಿಂದ ಸ್ವಲ್ಪ ದೂರದಲ್ಲಿ ವೋಲೆಂಡಮ್, ಹಳೇ ಮೀನುಗಾರರ ಊರು. ಅಲ್ಲಿನ ಗಂಡಸರ ಸಾಂಪ್ರದಾಯಿಕ ಉಡುಪಿನಲ್ಲಿ ಅಗಲ ಕಪ್ಪು ಚಲ್ಲಣ. ಅದರ ಸೊಂಟಕ್ಕೆ ಎರಡು ದೊಡ್ಡ ಬೆಳ್ಳಿ ಗುಂಡಿ. ಬ್ರೂಕ್‌ಸ್ಟುಕ್ಕನ್ ಅನ್ನುತ್ತಾರೆ, ಸೀದಾ ಹೇಳಿದರೆ ಚಡ್ಡಿ ತುಂಡುಗಳು. ದೊಡ್ಡ ಬೆಳ್ಳಿ ನಾಣ್ಯಗಳ ಹಿಂದೆ ಕೊಂಡಿ ಬೆಸೆದು ಮಾಡುತ್ತಿದ್ದರು. ಕೊಂಡಿ ನಟ್ಟನಡುವೆಯೇ ಇರಬೇಕಲ್ಲ, ಗುಂಡಿ ತಾನೇ. ಅಪ್ಪನಿಂದ ಮಗನಿಗೆ ಬರುತ್ತಿತ್ತು. ನಮ್ಮ ಪಕ್ಕದ ಮನೆಯ ಅಜ್ಜಿ ಗೋಡೆಗೆ ಚೌಕಟ್ಟು ಹಾಕಿಸಿ ಒಂದು ಜೊತೆ ಇಟ್ಟಿದ್ದಾರೆ.

ನಿಮ್ಮ ಡಬ್ಬಿ ತುಂಬಾ ಗುಂಡಿ ಇತ್ತು ಅಂದಿರಲ್ಲ. ಆ ಡಬ್ಬಿಯಲ್ಲಿ ಅದು ತಪ್ಪಿ ಬಿದ್ದ ನಾಣ್ಯ ಅಲ್ಲ. ಗುಂಡಿಗಳ ಜೊತೆ ಗುಂಡಿ.

ಹಳೇದುಡ್ಡು
ಸುಮಾ ಅವರೇ, ವಾಹ್.

ನೋಡಿ ಎಂಥ ಕಥೆ. ಇದರ ಅಣ್ಣತಮ್ಮಂದಿರೆಲ್ಲ ಮೂಸೆಗೆ ಹೋದರು. ಇದು ಯಾರದ್ದೋ ಸೊಂಟದಲ್ಲಿ ಕೂತಿತ್ತು, ಅದಕ್ಕೇ ಉಳಿಯಿತು. ಬದುಕಿಸಿದ ಬೆಸುಗೆಯೇ ಈಗ ಬೆಲೆ ಕಳೆಯುತ್ತದೆ.

ಎಷ್ಟು ಕಳೆಯುತ್ತದೆ? ನಾಣ್ಯದ ಸ್ಥಿತಿಗೆ ಡಚ್ಚರ ದರ್ಜೆ, ಕೆಳಗಿನಿಂದ ಮೇಲಕ್ಕೆ, ಹೀಗೆ: ಖುದ್, ಫ್ರಾಯ್, ಜೇರ್ ಫ್ರಾಯ್, ಪ್ರಾಖ್ಟಿಖ್, ಕೊನೆಗೆ ಟಂಕಸಾಲೆಯಿಂದ ಈಗ ಬಂದ ಹಾಗಿರುವ ಎಫ್‌ಡಿಸಿ. ಕೈ ಹಚ್ಚದ ಜೇರ್ ಫ್ರಾಯ್ 3 ಗಿಲ್ಡರಿಗೆ ಕೆಲವು ನೂರು ಯೂರೋ ಸಲೀಸಾಗಿ ಸಿಗುತ್ತದೆ. ಮೇಲಿನ ದರ್ಜೆಗೆ ಹೋದ ಹಾಗೆ ಬೆಲೆ ನಡೆಯುವುದಿಲ್ಲ, ಜಿಗಿಯುತ್ತದೆ. ಬೆಸುಗೆ ಬಿದ್ದದ್ದು ಈ ಏಣಿಯಲ್ಲೇ ಇಲ್ಲ. ಅಮೆರಿಕದ ಗ್ರೇಡಿಂಗ್ ಕಂಪನಿಗೆ ಕಳಿಸಿದರೆ ಅಂಕಿ ಕೊಡದೆ 'ಕೆಟ್ಟಿದೆ' ಎಂದು ಬರೆದು ಪ್ಲಾಸ್ಟಿಕ್ಕಿನಲ್ಲಿ ಹಾಕಿ ಕಳಿಸುತ್ತಾರೆ. ಆ ಫೀಸು ದಂಡ.

ಮಂಡ್ಯ ಮಾದೇಶ
ಅದೆಲ್ಲ ಸರಿ. ನನಗೊಂದು ಡೌಟು. ಹತ್ತು ವರ್ಷದ ಹುಡುಗನ ಹತ್ತಿರ 15 ಯೂರೋಗೆ ಕೊಂಡಿರಲ್ಲ. ಅದು ಸಾವಿರ ಯೂರೋದ್ದಾಗಿದ್ದರೆ ವಾಪಸು ಕೊಡುತ್ತಿದ್ದಿರಾ?

ವೆಲ್ಡ್‌ಹೋವನ್ ವಾಸಿ
ನನಗೂ ಎರಡು ದಿನದಿಂದ ಅದೇ ತಲೆಯಲ್ಲಿ. ಆದರೆ ನನಗೂ ಗೊತ್ತಿರಲಿಲ್ಲವಲ್ಲ. ಹುಡುಗ ಹೇಳಿದ ರೇಟು, ಚೌಕಾಸಿ ಮಾಡಲಿಲ್ಲ. ಅವನ ಅಜ್ಜಿ ಹಿಂದೆಯೇ ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುತ್ತಿದ್ದರು.

ಹಳೇದುಡ್ಡು
ಗೊತ್ತಿಲ್ಲದೆ ಕೊಂಡರೆ ತಪ್ಪಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಗೊತ್ತಿದ್ದೂ ಮಗುವಿನಿಂದ ಕೊಳ್ಳುವವರಿದ್ದಾರೆ, ಈ ಹವ್ಯಾಸದಲ್ಲಿ ಅಂಥವರನ್ನು ಜಾಸ್ತಿಯೇ ನೋಡಿದ್ದೇನೆ.

ಮಂಡ್ಯ ಮಾದೇಶ
ನಾನಾಗಿದ್ದರೆ ವಾಪಸು ಕೊಡುತ್ತಿರಲಿಲ್ಲ, ನಿಜ ಹೇಳಿಬಿಡುತ್ತೇನೆ. ಸುಮ್ನೆ ಕೇಳಿದೆ.

ವೆಲ್ಡ್‌ಹೋವನ್ ವಾಸಿ
ಜುಲೈಗೆ ಊರಿಗೆ ಬರುತ್ತಿದ್ದೇವೆ. ಅಪ್ಪನಿಗೆ ತೋರಿಸಲು ತರಬೇಕು ಅಂತಿದ್ದೇನೆ. ಆಮೇಲೆ ವಾಪಸು ತೆಗೆದುಕೊಂಡು ಬರಬಹುದಾ?

ಹಳೇದುಡ್ಡು
ತರಬೇಡಿ. ನಮ್ಮ 1972ರ ಪ್ರಾಚೀನ ವಸ್ತುಗಳ ಕಾಯಿದೆಯಲ್ಲಿ ನೂರು ವರ್ಷ ದಾಟಿದ ನಾಣ್ಯವೂ ಪ್ರಾಚೀನ ವಸ್ತುವೇ. ಅಂಥದ್ದನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಒಳಗೆ ತಂದದ್ದನ್ನೇ ಹೊರಗೆ ಒಯ್ಯುತ್ತಿದ್ದೇನೆ ಎಂದು ಏರ್‌ಪೋರ್ಟಿನಲ್ಲಿ ಬೆಳಗಿನ ಜಾವ ಮೂರು ಗಂಟೆಗೆ ವಾದ ಮಾಡುವ ಶಕ್ತಿ ನಿಮಗಿದ್ದರೆ ಬೇರೆ ಮಾತು. ವಿಡಿಯೋ ಕಾಲ್‌ನಲ್ಲಿ ತೋರಿಸಿ.

ವೆಲ್ಡ್‌ಹೋವನ್ ವಾಸಿ
ಮೂರು ವಾರದ ನಂತರ ಬರೆಯುತ್ತಿದ್ದೇನೆ. ನಾಣ್ಯದ ವ್ಯಾಪಾರಿಯೊಬ್ಬರಿಗೆ ತೋರಿಸಿದೆ. ಅವರು ಮುಖದ ಕಡೆ ನೋಡಿ 'ಯಾರು ಉಜ್ಜಿದ್ದು?' ಅಂದರು. ತಿರುಗಿಸಿ ನೋಡಿ ನಕ್ಕರು. 'ವೋಲೆಂಡಮ್?' ಅಂದರು. ಸುಮಾ ಅವರಿಗೆ ನಮಸ್ಕಾರ. ಅಸಲಿ ಎಂದು ಎರಡೇ ನಿಮಿಷದಲ್ಲಿ ಹೇಳಿದರು. 80 ಯೂರೋ ಕೊಡುತ್ತೇನೆ ಅಂದರು. ಬೆಸುಗೆ ಇಲ್ಲದೆ, ಉಜ್ಜದೆ ಇದ್ದಿದ್ದರೆ ಹರಾಜಿಗೆ ಹಾಕಿ ಎನ್ನುತ್ತಿದ್ದರಂತೆ.

ಕೊಡಲಿಲ್ಲ. ಮನೆಯವರು 'ಗುಂಡಿ ಅಂತೀರಿ, ಒಂದೇ ಇದೆ, ಜೊತೆ ಇರಬೇಕಲ್ಲ' ಅಂದರು. ಅದೇ ಈಗ ನನ್ನ ತಲೆ ತಿನ್ನುತ್ತಿದೆ. ಆ ಡಬ್ಬಿಯನ್ನು ನಾನು ಪೂರ್ತಿ ಕೆದಕಲಿಲ್ಲ.

ಹೋರ್ನ್ ಸುಮಾ
ಯಾವ ಬೀದಿ ಹೇಳಿ, ನಾಳೆ ಸೈಕಲಲ್ಲಿ ಹೋಗಿ ಬರುತ್ತೇನೆ. ಆದರೆ ಈ ಸಲ ಅಜ್ಜಿಯ ಹತ್ತಿರವೇ ಮಾತಾಡುವುದು.

ಹಳೇದುಡ್ಡು
ಸಿಕ್ಕರೂ ಸಿಗದಿದ್ದರೂ ಬರೆಯಿರಿ. ಇರುವುದನ್ನು ಮೆತ್ತಗಿನ ಪಿವಿಸಿ ಪ್ಲಾಸ್ಟಿಕ್ ಕವರಿನಲ್ಲಿ ಇಡಬೇಡಿ, ಕೆಲವು ವರ್ಷಕ್ಕೆ ಹಸಿರು ಅಂಟು ಬರುತ್ತದೆ. ಒಣ ಜಾಗ, ಗಟ್ಟಿ ಕ್ಯಾಪ್ಸೂಲ್. ದೇವರ ಮನೆಯಿಂದ ದೂರ.

ತುಮಕೂರು ನಾಣ್ಯಪ್ರೇಮಿ
ಸಾರ್, ಎಲ್ಲ ಓದಿದೆ. ಹಾಗಾದರೆ ನನ್ನ ವೈಷ್ಣೋದೇವಿ 5 ರೂಪಾಯಿ ನಾಣ್ಯಕ್ಕೆ ಎಷ್ಟು ಸಿಗಬಹುದು? ಒಂದು ಸಲವೂ ತೊಳೆದಿಲ್ಲ.

ಹಳೇದುಡ್ಡು
5 ರೂಪಾಯಿ.